ಸಾಲಿಗ್ರಾಮದ ತವರಿಗೆ ನಿಧಾನ ಪಯಣ

ಹಾಸನದ ಆ ಮನೆಯಲ್ಲಿ ಎಲ್ಲವೂ ಆರಂಭವಾದದ್ದು ದೇವರ ಪೆಟ್ಟಿಗೆಯನ್ನು ಸ್ವಚ್ಛ ಮಾಡುವಾಗ. ಒಂಬತ್ತನೇ ತರಗತಿಯ ಮೊಮ್ಮಗ, ಅಜ್ಜಿ ತಟ್ಟೆಯಲ್ಲಿ ತೆಗೆದಿಟ್ಟಿದ್ದ ಸಾಲಿಗ್ರಾಮವನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕರಿಯ ಕಲ್ಲು. ಒಡಲಲ್ಲಿ ಸುರುಳಿ ಸುತ್ತಿದ ಗೆರೆಗಳು.

"ಅಜ್ಜಿ, ಇದು ಅಮೊನೈಟ್ ಅಲ್ವಾ? ನಮ್ಮ ಸ್ಕೂಲ್ ಲೈಬ್ರರಿ ಪುಸ್ತಕದಲ್ಲಿ ಇದರ ಚಿತ್ರ ಇದೆ."

"ಅದು ನಾರಾಯಣ ಕಣೋ. ಕೆಳಗಿಡು, ಮಡಿ."

ಇಬ್ಬರು ಹೇಳಿದ್ದೂ ಸರಿಯೇ. ಸಾಲಿಗ್ರಾಮ ಸಿಗುವುದು ನೇಪಾಳದ ಕಾಲಿ ಗಂಡಕಿ ನದಿಯ ಪಾತ್ರದಲ್ಲಿ. ಅದರೊಳಗಿನ ಚಕ್ರ, ಸುಮಾರು 15 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಈಜಾಡಿಕೊಂಡಿದ್ದ ಅಮೊನೈಟ್ ಎಂಬ ಚಿಪ್ಪಿನ ಜೀವಿಯ ಗುರುತು. ಇಂದು ಹಿಮಾಲಯ ನಿಂತಿರುವ ಜಾಗದಲ್ಲಿ ಆಗ ಟೆಥಿಸ್ ಎಂಬ ಸಮುದ್ರವಿತ್ತು. ದಕ್ಷಿಣದಿಂದ ತೇಲಿ ಬಂದ ಭಾರತದ ಭೂಫಲಕ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಒತ್ತಿಕೊಂಡಾಗ ಆ ಸಮುದ್ರದ ತಳವೇ ಮಡಿಕೆ ಮಡಿಕೆಯಾಗಿ ಮೇಲೆದ್ದಿತು. ಅದರ ಜೊತೆಗೆ ಕೆಸರಿನಲ್ಲಿ ಹುದುಗಿದ್ದ ಚಿಪ್ಪುಗಳೂ ಕಲ್ಲಾಗಿ ಮೇಲೆ ಬಂದವು. ನದಿ ಆ ಬೆಟ್ಟಗಳನ್ನು ಕೊರೆಯುತ್ತ ಒಂದೊಂದೇ ಕಲ್ಲನ್ನು ಉರುಳಿಸಿ, ನುಣುಪು ಮಾಡಿ ಕೆಳಗೆ ತರುತ್ತದೆ. ನಮ್ಮ ರಾಜ್ಯದಲ್ಲೇ ಸಾಲಿಗ್ರಾಮ ಎಂಬ ಹೆಸರಿನ ಎರಡು ಊರುಗಳಿವೆ, ಒಂದು ಮೈಸೂರು ಜಿಲ್ಲೆಯಲ್ಲಿ, ಇನ್ನೊಂದು ಉಡುಪಿ ಜಿಲ್ಲೆಯಲ್ಲಿ. ಆದರೆ ಕಲ್ಲಿನ ತವರು ಮಾತ್ರ ಎರಡು ಸಾವಿರ ಕಿಲೋಮೀಟರಿಗೂ ದೂರ.

ಆ ಕಲ್ಲು ಅಜ್ಜಿಗೆ ಅತ್ತೆಯಿಂದ ಬಂದದ್ದು. ಅತ್ತೆ ಸಾಯುವವರೆಗೂ ಮುಕ್ತಿನಾಥಕ್ಕೆ ಹೋಗಬೇಕು ಎನ್ನುತ್ತಿದ್ದರು. ಹೋಗಲಾಗಲಿಲ್ಲ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿ, "ರೀ, ನಾವಾದರೂ ಹೋಗಿ ಬರೋಣವೇ?" ಎಂದರು.

ಯಜಮಾನರು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದವರು, ಈಗ 67 ವರ್ಷ. ರಕ್ತದೊತ್ತಡಕ್ಕೆ ಬೆಳಿಗ್ಗೆ ಒಂದು ಮಾತ್ರೆ. ಪತ್ನಿಗೆ 62, ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾಗಿ ಎರಡು ವರ್ಷ. ಸಕ್ಕರೆ ಕಾಯಿಲೆಯಿದೆ, ದಿನಕ್ಕೆರಡು ಸಲ ಇನ್ಸುಲಿನ್. ನೇಪಾಳಕ್ಕೆ ಹೋಗುವುದಾದರೆ ಪಕ್ಕದ ಭೂತಾನವನ್ನೂ ನೋಡಿ ಬರೋಣ ಎಂದು ಯಜಮಾನರು ಸೇರಿಸಿದರು. ಅವರಿಗೆ ಅಲ್ಲೊಂದು ಕೆಲಸವಿತ್ತು, ಅದು ಮುಂದೆ ಬರುತ್ತದೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ ಮರುದಿನವೇ ಒಂದು ಪ್ರವಾಸ ಸಂಸ್ಥೆಯ ಬಣ್ಣದ ಕಾಗದ ತಂದು ಮುಂದಿಟ್ಟ. ಏಳು ದಿನ, ವಿಮಾನ, ಹೋಟೆಲು, ಊಟ ಎಲ್ಲ ಸೇರಿ. ಮೂರನೇ ದಿನದ ಸಾಲಿನಲ್ಲಿ ಹೀಗಿತ್ತು: ಬೆಳಿಗ್ಗೆ ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನ, ಅಲ್ಲಿಂದ ಜೀಪಿನಲ್ಲಿ ಮುಕ್ತಿನಾಥ. ಮೊಮ್ಮಗ ಅಟ್ಲಾಸ್ ತೆರೆದು ಎತ್ತರಗಳನ್ನು ಪಕ್ಕದಲ್ಲಿ ಬರೆದ. ಪೋಖರಾ ಸುಮಾರು 820 ಮೀಟರ್. ಜೋಮ್‌ಸೋಮ್ 2,700. ಮುಕ್ತಿನಾಥ 3,700ಕ್ಕೂ ಮೇಲೆ. ಅರ್ಧ ದಿನದಲ್ಲಿ ಸುಮಾರು ಮೂರು ಕಿಲೋಮೀಟರ್ ನೇರ ಮೇಲಕ್ಕೆ! ಯಜಮಾನರು ಕನ್ನಡಕ ತೆಗೆದು ಆ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು.

ಎತ್ತರಕ್ಕೆ ಹೋದರೆ ಆಗುವುದೇನು?

ಎತ್ತರದಲ್ಲಿ ಆಮ್ಲಜನಕ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಈ ಮಾತಿನಲ್ಲಿ ಒಂದು ಸಣ್ಣ ತಪ್ಪಿದೆ. ಹಾಸನವಿರಲಿ, ಮುಕ್ತಿನಾಥವಿರಲಿ, ನೂರು ಪಾಲು ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಪಾಲೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಮೇಲೆ ಹೋದಂತೆ ನಮ್ಮ ತಲೆಯ ಮೇಲಿನ ಗಾಳಿಯ ಕಂಬ ಗಿಡ್ಡವಾಗುತ್ತದೆ, ಅದರ ಭಾರ ಇಳಿಯುತ್ತದೆ. ಸಾವಿರ ಮೀಟರಿಗೆ ತುಸು ಕಡಿಮೆ ಎತ್ತರದ ಹಾಸನದಲ್ಲಿ ಒತ್ತಡ ಸಮುದ್ರಮಟ್ಟದ ನೂರಕ್ಕೆ ತೊಂಬತ್ತರಷ್ಟಿದ್ದರೆ, 3,700 ಮೀಟರಿನಲ್ಲಿ ಅದು ನೂರಕ್ಕೆ ಅರವತ್ತನಾಲ್ಕರ ಆಸುಪಾಸು. ಒಂದೊಂದು ಉಸಿರಿನಲ್ಲೂ ಒಳಗೆ ಹೋಗುವ ಆಮ್ಲಜನಕದ ಕಣಗಳು ಅಷ್ಟೇ ಕಡಿಮೆ.

ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು. ಮೊದಲು ಉಸಿರಾಟ ಹೆಚ್ಚಿಸುತ್ತದೆ, ಎದೆಬಡಿತ ಏರಿಸುತ್ತದೆ. ದಿನಗಳು ಕಳೆದಂತೆ ರಕ್ತದಲ್ಲಿ ಬದಲಾವಣೆ ಮಾಡಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಕಾಲ. ಕಾಲ ಕೊಡದಿದ್ದರೆ ತಲೆನೋವು, ಹೊಟ್ಟೆ ತೊಳಸುವುದು, ಊಟ ಸೇರದಿರುವುದು, ತಲೆಸುತ್ತು, ನಿದ್ದೆ ಬಾರದಿರುವುದು ಶುರುವಾಗುತ್ತವೆ. ಇದೇ ಎತ್ತರದ ಕಾಯಿಲೆ. 2,500 ಮೀಟರ್ ದಾಟಿದ ಮೇಲೆ ಯಾರಿಗೂ ಬರಬಹುದು. ಗಟ್ಟಿಮುಟ್ಟಾದ ಹುಡುಗನಿಗೆ ಬಂದು ಪಕ್ಕದ ಅಜ್ಜನಿಗೆ ಬಾರದಿರಲೂಬಹುದು. ಅಲಕ್ಷಿಸಿ ಇನ್ನೂ ಮೇಲೇರಿದರೆ ಶ್ವಾಸಕೋಶದಲ್ಲೋ ಮೆದುಳಿನಲ್ಲೋ ನೀರು ತುಂಬಿ ಪ್ರಾಣಕ್ಕೇ ಬರುತ್ತದೆ. ನಂಬಿಗಸ್ತ ಔಷಧ ಒಂದೇ, ಕೆಳಕ್ಕೆ ಇಳಿಯುವುದು.

ಪರ್ವತ ವೈದ್ಯರ ಲೆಕ್ಕ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಸುಮ್ಮನಿರಬೇಕು. ಹಗಲು ಮೇಲೆ ಹೋಗಿ ಬಂದರೂ ರಾತ್ರಿ ಕೆಳಗೆ ಮಲಗಬೇಕು. ಹೊತ್ತಿದ್ದವರಿಗೆ ಇದೇನು ಕಷ್ಟವಲ್ಲ. ರಜೆ ಎಣಿಸಿಕೊಂಡು ಹೋಗುವ ನೌಕರನಿಗೆ ಇಲ್ಲದ ಒಂದು ಅನುಕೂಲ ಪಿಂಚಣಿದಾರರಿಗಿದೆ.

ಮೊಮ್ಮಗ ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅಲ್ಲೇ ಅವನಿಗೊಂದು ಪ್ರಶ್ನೆ ಎದ್ದಿತು. "ತಾತ, ಹಾಗಾದ್ರೆ ಅಲ್ಲಿ ಬೇಳೆ ಬೇಯುತ್ತಾ?" ಒಳ್ಳೆಯ ಪ್ರಶ್ನೆಯೇ. ಒತ್ತಡ ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ. 3,700 ಮೀಟರಿನಲ್ಲಿ 88 ಡಿಗ್ರಿ ಸೆಲ್ಷಿಯಸ್‌ಗೇ ಕುದಿ ಬಂದುಬಿಡುತ್ತದೆ, ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಬೇಳೆ ಅಲ್ಲಿಯೇ ಕೂತಿರುತ್ತದೆ! ಕುಕ್ಕರಿನ ವೆಯ್ಟ್ ಹೊರಗಿನ ಒತ್ತಡದ ಮೇಲೆ ತನ್ನದನ್ನೂ ಸೇರಿಸುವುದರಿಂದ ಒಳಗಿನ ಬಿಸಿ ಸುಮಾರು 114 ಡಿಗ್ರಿಗೆ ಏರುತ್ತದೆ. ಸಮುದ್ರತೀರದಲ್ಲಿ ಅದೇ ಕುಕ್ಕರ್ 121 ಡಿಗ್ರಿ ಮುಟ್ಟುತ್ತದೆ. ಆದ್ದರಿಂದ ಅಲ್ಲಿ ಬೇಳೆಗೆ ಒಂದೆರಡು ವಿಷಲ್ ಹೆಚ್ಚಿಗೆ ಬೇಕು. ಪರೀಕ್ಷೆಗೆ ಕುಳಿತವರು ಇದನ್ನು ನೆನಪಿಟ್ಟುಕೊಳ್ಳಬಹುದು, ಕುದಿಬಿಂದು ಎಂಬುದು ನೀರೊಂದರ ಗುಣವಲ್ಲ, ಅದರ ಮೇಲಿನ ಒತ್ತಡವೂ ಸೇರಿದ್ದು.

ವೈದ್ಯರ ಮುಂದೆ

ಮಗನ ಹೆದರಿಕೆ ಇದರಿಂದ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. "ಅಪ್ಪ, ಅಲ್ಲಿ ಅಮ್ಮನಿಗೆ ಏನಾದರೂ ಆದರೆ? ಪಕ್ಕದ ಬೀದಿಯಲ್ಲಿ ಆಸ್ಪತ್ರೆ ಇರುತ್ತಾ?" ಎಂದ. ಪ್ರಶ್ನೆ ನ್ಯಾಯವಾದದ್ದೇ. ಹೋಗಬೇಡಿ ಎಂಬ ಉತ್ತರ ಮಾತ್ರ ಅದಕ್ಕೆ ತಾನಾಗಿಯೇ ಅಂಟಿಕೊಂಡು ಬರಬೇಕಿಲ್ಲ. ಇಬ್ಬರೂ ತಮ್ಮ ಮಾಮೂಲಿ ವೈದ್ಯರ ಬಳಿಗೆ ಹೋದರು. ವೈದ್ಯರು ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಪಟ್ಟಿ ಬರೆದುಕೊಟ್ಟರು. ಯಜಮಾನರಿಗೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯದ ಪರೀಕ್ಷೆ. ಅವರ ಪತ್ನಿಗೂ ಅದೇ, ಜೊತೆಗೆ ಮೂತ್ರಪಿಂಡದ ಪರೀಕ್ಷೆ ಮತ್ತು ಕಣ್ಣಿನ ಅಕ್ಷಿಪಟಲದ ಪರೀಕ್ಷೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದ ರಕ್ತನಾಳಗಳು ದುರ್ಬಲವಾಗಿದ್ದರೆ ಎತ್ತರದ ಪ್ರವಾಸಕ್ಕೆ ಮುನ್ನ ಅದನ್ನು ತಿಳಿದಿರಲೇಬೇಕು. ಎತ್ತರದ ಕಾಯಿಲೆ ತಡೆಯುವ ಮಾತ್ರೆಯೊಂದಿದೆ, ಅದು ಯಾರಿಗೆ ಬೇಕು ಬೇಡ ಎಂಬುದು ವೈದ್ಯರ ತೀರ್ಮಾನ, ನೆರೆಮನೆಯವರದಲ್ಲ.

ವರದಿಗಳೆಲ್ಲ ಬಂದ ಮೇಲೆ, ನಿಧಾನವಾಗಿ ಏರುವುದಾದರೆ ಹೋಗಿ ಬನ್ನಿ, ರಾತ್ರಿ ಮುಕ್ತಿನಾಥದಲ್ಲಿ ಮಲಗಬೇಡಿ ಎಂದರು ಅವರು. ಇನ್ನೊಂದು ಮಾತನ್ನೂ ಹೇಳಿದರು. ರಕ್ತದಲ್ಲಿ ಸಕ್ಕರೆ ಇಳಿದಾಗಲೂ ತಲೆಸುತ್ತು, ಸುಸ್ತು, ತಲೆನೋವು. ಎತ್ತರದ ಕಾಯಿಲೆಯಲ್ಲೂ ಅದೇ. ಎರಡರಲ್ಲಿ ಯಾವುದೆಂದು ಮುಖ ನೋಡಿ ಹೇಳಲಾಗದು. ಆದ್ದರಿಂದ ತಲೆ ಸುತ್ತಿದ ಕೂಡಲೇ ಬೆರಳಿಗೆ ಚುಚ್ಚಿ ಸಕ್ಕರೆ ನೋಡುವುದು ಮೊದಲ ಕೆಲಸ. ಇಳಿದಿದ್ದರೆ ಸಕ್ಕರೆಯ ನೀರು. ಇಳಿದಿಲ್ಲವಾದರೆ ಜೀಪು ಹತ್ತಿ ಕೆಳಕ್ಕೆ.

ಇನ್ಸುಲಿನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಅದು ಪ್ರೋಟೀನು. ಬಿಸಿಗೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು, ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮತ್ತೆ ತಿಳಿಯಾಗಿ ಕಂಡರೂ ಬಿಸಾಡಬೇಕು. ವಿಮಾನದಲ್ಲಿ ಅದನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು, ಜೊತೆಯಲ್ಲಿ ವೈದ್ಯರ ಚೀಟಿ. ಎರಡು ದಿನದ ರೈಲಿನಲ್ಲಿ ತಂಪಾದ ಥರ್ಮಾಸು. ಬೆಟ್ಟದ ಚಳಿಯ ರಾತ್ರಿಯಲ್ಲಿ ಇದರ ವಿರುದ್ಧ, ಬಟ್ಟೆಯಲ್ಲಿ ಸುತ್ತಿ ಹೊದಿಕೆಯೊಳಗೆ ಮೈಪಕ್ಕದಲ್ಲಿ. ಬೇಕಾದದ್ದರ ಎರಡರಷ್ಟನ್ನು ಒಯ್ದು ಇಬ್ಬರ ಚೀಲಗಳಲ್ಲಿ ಹಂಚಿಡುವುದು ಜಾಣತನ. ಒಂದು ಚೀಲ ಕಳೆದರೂ ಇನ್ನೊಂದಿರುತ್ತದೆ. ಮಾತ್ರೆಗಳ ಕಂಪೆನಿ ಹೆಸರಿನ ಜೊತೆಗೆ ಮೂಲ ಔಷಧದ ಹೆಸರನ್ನೂ ಬರೆಸಿಕೊಳ್ಳಬೇಕು, ಗಡಿಯಾಚೆ ಕಂಪೆನಿಗಳು ಬೇರೆ ಇರಬಹುದು. ಪ್ರವಾಸದ ವಿಮೆ ಮಾಡಿಸುವಾಗ ಇರುವ ಕಾಯಿಲೆಗಳನ್ನು ಮುಚ್ಚಿಡಬಾರದು. ಎಷ್ಟು ಎತ್ತರದವರೆಗೆ ವಿಮೆ ಅನ್ವಯಿಸುತ್ತದೆ, ಹೆಲಿಕಾಪ್ಟರಿನಲ್ಲಿ ಕೆಳಗಿಳಿಸುವ ಖರ್ಚು ಸೇರಿದೆಯೇ ಎಂದು ಓದಿ ನೋಡಬೇಕು. ಸಣ್ಣಕ್ಷರದಲ್ಲಿರುವುದನ್ನೇ ಮೊದಲು ಓದಬೇಕು ಎಂಬುದು ಯಜಮಾನರ ಹಳೆಯ ಅಭ್ಯಾಸ, ಟೆಂಡರುಗಳಿಂದ ಬಂದದ್ದು.

ಗಡಿಯಾರಗಳ ಜಗಳ

ಇನ್ಸುಲಿನ್ ಹೊತ್ತು ಬದಲಾಗುತ್ತದೆಯೇ ಎಂದು ಅಜ್ಜಿ ಕೇಳಿದರು. ಬದಲಾಗುತ್ತದೆ, ಹದಿನೈದು ನಿಮಿಷ! ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದು. ಭೂತಾನದ್ದು ಅರ್ಧ ಗಂಟೆ ಮುಂದು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ನೇಪಾಳವೂ 1986ರವರೆಗೆ ಇದೇ ಸಮಯ ಅನುಸರಿಸುತ್ತಿತ್ತು. ಅನಂತರ ಗೌರಿಶಂಕರ ಶಿಖರದ ಬಳಿ ಹಾಯುವ 86.25 ಡಿಗ್ರಿಯನ್ನು ತನ್ನದಾಗಿಸಿಕೊಂಡಿತು. ವ್ಯತ್ಯಾಸ 3.75 ಡಿಗ್ರಿ, ನಾಲ್ಕರಿಂದ ಗುಣಿಸಿದರೆ 15 ನಿಮಿಷ. ಭೂತಾನದ್ದು 90 ಡಿಗ್ರಿ, ಅದರ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ.

ಇದರಲ್ಲಿ ತಮಾಷೆಯೆಂದರೆ ಹಾಸನ ಇರುವುದು 76 ಡಿಗ್ರಿಯ ಹತ್ತಿರ. ಅಂದರೆ ಹಾಸನದ ಸೂರ್ಯ ನಮ್ಮ ಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದು. ಭೂತಾನದ ರಾಜಧಾನಿ ಥಿಂಪುವಿನಲ್ಲಿ ಸೂರ್ಯನಿಗೂ ಗಡಿಯಾರಕ್ಕೂ ಹೆಚ್ಚುಕಡಿಮೆ ಹೊಂದಾಣಿಕೆ. ನವೆಂಬರ್ ಮಧ್ಯದಲ್ಲಿ ಅಲ್ಲಿ ಐದೂಕಾಲರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಸಂಜೆ ಆರರ ವಾಯುವಿಹಾರ ಅಭ್ಯಾಸವಾದವರು ಟಾರ್ಚು ಒಯ್ಯಬೇಕು.

ಗುರುತಿನ ಚೀಟಿಯಲ್ಲೂ ಗಂಡಹೆಂಡಿರಿಗೆ ಭೇದ ಬಂತು. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಕಿಲ್ಲ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. 65 ವರ್ಷ ಮೀರಿದವರು ಮತ್ತು 15 ವರ್ಷದೊಳಗಿನವರು ಆಧಾರ್‌ನಂಥ ಭಾವಚಿತ್ರವಿರುವ ಬೇರೆ ದಾಖಲೆಯನ್ನೂ ತೋರಿಸಬಹುದು. ಯಜಮಾನರಿಗೆ ಆಧಾರ್ ನಡೆಯುತ್ತದೆ, 62ರ ಪತ್ನಿಗೆ ನಡೆಯದು. ಕಠ್ಮಂಡುವಿನಿಂದ ಮೂರನೆಯ ದೇಶಕ್ಕೆ ಹಾರುವ ಯೋಚನೆ ಇದ್ದುದರಿಂದ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಭೂತಾನಕ್ಕೆ ಪಾಸ್‌ಪೋರ್ಟ್ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಪ್ರವೇಶದ ಪರ್ಮಿಟ್ಟೂ ಬೇಕು.

ಹಣದ ಲೆಕ್ಕ ಎರಡು ದೇಶಗಳಲ್ಲಿ ಎರಡು ಬಗೆ. ನೇಪಾಳದಲ್ಲಿ ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು, 1993ರಿಂದ ಇದೇ ದರ. ದೊಡ್ಡ ನೋಟುಗಳನ್ನು ಒಯ್ಯುವ ನಿಯಮ ಮಾತ್ರ ಹಲವು ಸಲ ಬದಲಾಗಿದೆ, ಹೊರಡುವ ವಾರ ಬ್ಯಾಂಕಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಭೂತಾನದ ಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಆದರೆ ಅಲ್ಲಿ 2022ರ ಸೆಪ್ಟೆಂಬರಿನಿಂದ ಭಾರತೀಯರಿಗೂ ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕವಿದೆ. ಇಬ್ಬರು ಎಂಟು ರಾತ್ರಿ ಉಳಿದರೆ 19,200 ರೂಪಾಯಿ, ಹೋಟೆಲು ಊಟ ಬೇರೆ. ಅಂದರೆ ನೇಪಾಳದಲ್ಲಿ ನಿಧಾನ ಅಗ್ಗ, ಭೂತಾನದಲ್ಲಿ ನಿಧಾನಕ್ಕೆ ಬೆಲೆಯುಂಟು. ದುಬಾರಿ ಎಂದು ಗೊಣಗುವವರಿದ್ದಾರೆ. ದೇಶದ ಭೂಮಿಯಲ್ಲಿ ನೂರಕ್ಕೆ ಅರವತ್ತು ಪಾಲು ಸದಾ ಕಾಡಾಗಿರಬೇಕು ಎಂದು ಸಂವಿಧಾನದಲ್ಲೇ ಬರೆದಿಟ್ಟುಕೊಂಡ ನಾಡು ಜಾತ್ರೆಯಂತೆ ಜನ ನುಗ್ಗುವುದನ್ನು ಬಯಸದಿದ್ದರೆ ಅದರಲ್ಲಿ ಅಚ್ಚರಿಯೇನು?

ಕೊನೆಗೆ ಗಟ್ಟಿಯಾದ ದಾರಿ

ಅಕ್ಟೋಬರಿನಲ್ಲಿ ನೇಪಾಳದ ದೊಡ್ಡ ಹಬ್ಬ ದಶೈಂ. ಊರಿಗೆ ಹೋಗುವವರಿಂದ ಬಸ್ಸುಗಳೆಲ್ಲ ತುಂಬಿರುತ್ತವೆ. ಅದು ಮುಗಿದ ಮೇಲೆ, ಮಳೆ ನಿಂತು ಆಕಾಶ ತಿಳಿಯಾಗಿರುವ ದಿನಗಳಲ್ಲಿ ಹೊರಡುವುದೆಂದಾಯಿತು. ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ. ಅಲ್ಲಿಂದ ನೂರು ಕಿಲೋಮೀಟರಿನೊಳಗೆ ಸುನೌಲಿ ಗಡಿ. ಗಡಿ ದಾಟಿದರೆ ಬುದ್ಧ ಹುಟ್ಟಿದ ಲುಂಬಿನಿ ದೂರವಿಲ್ಲ. ಅಲ್ಲಿ ಅಶೋಕ ನಿಲ್ಲಿಸಿದ ಕಂಬವಿದೆ. ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಬರೆಸಿದ ಅದೇ ಅಶೋಕ, ಅದೇ ಬ್ರಾಹ್ಮೀ ಲಿಪಿ. ಶಾಲೆಯಲ್ಲಿ ಮೂವತ್ತು ವರ್ಷ ಅಶೋಕನ ಪಾಠ ಮಾಡಿದ ಶಿಕ್ಷಕಿಗೆ ಅಲ್ಲಿ ಎರಡು ರಾತ್ರಿ ಕೊಟ್ಟರೆ ಹೆಚ್ಚಲ್ಲ.

ಆಮೇಲೆ ಪೋಖರಾದಲ್ಲಿ ಮೂರು ರಾತ್ರಿ. ಅಲ್ಲಿಂದ ವಿಮಾನವಿಲ್ಲ, ರಸ್ತೆಯೇ. ದಾರಿ ಒರಟು, ಆದರೆ ಎತ್ತರ ಮೆಲ್ಲಗೆ ಏರುತ್ತದೆ. ನಡುವೆ ತಾತೋಪಾನಿಯಲ್ಲಿ ಒಂದು ರಾತ್ರಿ, ಸುಮಾರು 1,200 ಮೀಟರ್. ಹೆಸರೇ ಹೇಳುವಂತೆ ಬಿಸಿನೀರಿನ ಬುಗ್ಗೆಯ ಊರು. ಅಲ್ಲಿಂದ ಮುಂದೆ ರಸ್ತೆ ಸಾಗುವುದು ಒಂದು ಕಡೆ 8,167 ಮೀಟರಿನ ಧೌಲಗಿರಿ, ಇನ್ನೊಂದು ಕಡೆ 8,091 ಮೀಟರಿನ ಅನ್ನಪೂರ್ಣ, ಇವೆರಡರ ನಡುವೆ ಕಾಲಿ ಗಂಡಕಿ ಕೊರೆದ ಕಣಿವೆಯಲ್ಲಿ. ಬೆಳಗಿನ ಬಿಸಿಲಿಗೆ ಮೇಲಿನ ಬೋಳು ಪ್ರಸ್ಥಭೂಮಿ ಕಾದು ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಕೆಳಗಿನ ಗಾಳಿ ಕಣಿವೆಯ ಮೂಲಕ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನಿಲ್ಲಲಾಗದಷ್ಟು ಬಿರುಸು. ಜೋಮ್‌ಸೋಮ್‌ಗೆ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುವುದಕ್ಕೆ ಇದೇ ಕಾರಣ.

ಜೋಮ್‌ಸೋಮ್‌ನಲ್ಲಿ ಮೂರು ರಾತ್ರಿ. ಮೊದಲ ದಿನ ಏನೂ ಇಲ್ಲ, ಹತ್ತಿರದ ಮಾರ್ಫಾ ಹಳ್ಳಿಯ ಸೇಬಿನ ತೋಟ ನೋಡುವುದು. ಎರಡನೆಯ ದಿನ ಇಬ್ಬರಿಗೂ ತಲೆನೋವಿಲ್ಲದಿದ್ದರೆ ಮಾತ್ರ ಬೆಳಿಗ್ಗೆ ಜೀಪಿನಲ್ಲಿ ಮುಕ್ತಿನಾಥ. ಜೀಪು ನಿಲ್ಲುವಲ್ಲಿಂದ ದೇವಸ್ಥಾನಕ್ಕೆ ಅರ್ಧ ಗಂಟೆಯ ಏರು, ಅದನ್ನು ಒಂದು ಗಂಟೆಯಲ್ಲಿ ಏರುವುದು. ಅಲ್ಲಿ 108 ನೀರಿನ ಧಾರೆಗಳಿವೆ. ಪಕ್ಕದ ಜ್ವಾಲಾಮಾಯಿ ಗುಡಿಯಲ್ಲಿ ನೀರಿನ ಬದಿಯಲ್ಲೇ ನೆಲದಿಂದ ಹೊಮ್ಮುವ ನೈಸರ್ಗಿಕ ಅನಿಲ ನೀಲಿಯಾಗಿ ಉರಿಯುತ್ತದೆ. ಸಂಜೆಯೊಳಗೆ ಮತ್ತೆ ಜೋಮ್‌ಸೋಮ್. ಮೂರನೆಯ ದಿನ ಸುಮ್ಮನೆ ಬಿಟ್ಟ ದಿನ, ಮಳೆಯೋ ಭೂಕುಸಿತವೋ ಬಂದರೆ ಇರಲಿ ಎಂದು.

ಇಂಥ ಬಿಟ್ಟ ದಿನಗಳು ಪ್ರವಾಸದಲ್ಲಿ ಐದಾದರೂ ಬೇಕು ಎಂದು ಯಜಮಾನರು ಹಟ ಹಿಡಿದರು. 2025ರ ಸೆಪ್ಟೆಂಬರಿನಲ್ಲಿ ಯುವಜನರ ಪ್ರತಿಭಟನೆ ಭುಗಿಲೆದ್ದಾಗ ಕಠ್ಮಂಡು ವಿಮಾನ ನಿಲ್ದಾಣವೇ ಮುಚ್ಚಿ ಎಷ್ಟೋ ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದನ್ನು ಅವರು ಪತ್ರಿಕೆಯಲ್ಲಿ ಓದಿದ್ದರು.

ಕಠ್ಮಂಡುವಿನಲ್ಲಿ ಐದು ರಾತ್ರಿ. ಪಶುಪತಿನಾಥನ ಮುಖ್ಯ ಅರ್ಚಕರಾದ ಭಟ್ಟರು ಕರ್ನಾಟಕದ ಕಡೆಯಿಂದ ಹೋದವರು, ಇದು ಬಹುಕಾಲದ ಪರಂಪರೆ. ಹಿಮಾಲಯದ ಬುಡದಲ್ಲಿ ಕನ್ನಡ ಕಿವಿಗೆ ಬಿದ್ದರೂ ಬೀಳಬಹುದು. ಅದಕ್ಕೂ ಹಳೆಯ ನಂಟು ಒಂದಿದೆ. 1097ರಲ್ಲಿ ನಾನ್ಯದೇವ ಮಿಥಿಲೆಯಲ್ಲಿ ಸ್ಥಾಪಿಸಿದ ರಾಜವಂಶದ ಹೆಸರೇ ಕರ್ಣಾಟ. ಅವರ ರಾಜಧಾನಿ ಸಿಮ್ರೌನ್‌ಗಢದ ಅವಶೇಷಗಳು ಇಂದಿನ ನೇಪಾಳದ ಬಾರಾ ಜಿಲ್ಲೆಯಲ್ಲಿವೆ. 2015ರ ಏಪ್ರಿಲ್ 25ರ ಭೂಕಂಪ ಕಠ್ಮಂಡು ಕಣಿವೆಯ ಹಳೆಯ ಗುಡಿಗಳನ್ನು ಉರುಳಿಸಿತು. ಹಿಮಾಲಯವನ್ನು ಎಬ್ಬಿಸಿದ ಆ ಒತ್ತುವಿಕೆ ಇನ್ನೂ ನಿಂತಿಲ್ಲ, ಸಾಲಿಗ್ರಾಮವನ್ನು ಮೇಲೆ ತಂದದ್ದೂ ಗುಡಿಗಳನ್ನು ಕೆಡವಿದ್ದೂ ಒಂದೇ ಶಕ್ತಿ ಎಂದು ಮೊಮ್ಮಗನಿಗೆ ತಾತ ವಿವರಿಸಿದರು.

ಅಲ್ಲಿಂದ ಭೂತಾನದ ಪಾರೊಗೆ ವಿಮಾನ. ಎಡಗಡೆಯ ಕಿಟಕಿ ಸಿಕ್ಕರೆ ಹಿಮಶಿಖರಗಳು ಕಾಣುತ್ತವೆ. ಪಾರೊ, ಥಿಂಪು, ಪುನಾಖಾಗಳಲ್ಲಿ ಏಳು ರಾತ್ರಿ, ಕೊನೆಯ ಒಂದು ರಾತ್ರಿ ಗಡಿಯ ಫುಂಟ್‌ಶೋಲಿಂಗ್‌ನಲ್ಲಿ. ಯಜಮಾನರ ಕೆಲಸವಿದ್ದದ್ದು ಈ ಕೊನೆಯ ದಾರಿಯಲ್ಲಿ. ಥಿಂಪುವಿನಿಂದ ಇಳಿಯುವಾಗ ಸಿಗುತ್ತದೆ ಚುಖಾ. ಭಾರತದ ನೆರವಿನಿಂದ ಕಟ್ಟಿ 1980ರ ದಶಕದಲ್ಲಿ ಕೆಲಸ ಆರಂಭಿಸಿದ 336 ಮೆಗಾವಾಟ್ ಜಲವಿದ್ಯುತ್ ಕೇಂದ್ರ. 1,035 ಮೆಗಾವಾಟಿನ ಶರಾವತಿಯ ಮುಂದೆ ಇದು ಚಿಕ್ಕದು. ಆದರೆ ಶರಾವತಿಯಲ್ಲಿ ದೊಡ್ಡ ಜಲಾಶಯ ಮಳೆಗಾಲದ ನೀರನ್ನು ಹಿಡಿದಿಡುತ್ತದೆ. ಭೂತಾನದ ಕೇಂದ್ರಗಳು ಬಹುತೇಕ ಹರಿಯುವ ನದಿಯನ್ನೇ ನಂಬಿದವು. ಬೇಸಗೆ, ಮಳೆಗಾಲದಲ್ಲಿ ಭಾರತಕ್ಕೆ ವಿದ್ಯುತ್ ಮಾರುವ ದೇಶ, ನದಿ ಬಡಕಲಾಗುವ ಚಳಿಗಾಲದಲ್ಲಿ ನಮ್ಮಿಂದಲೇ ಕೊಳ್ಳುತ್ತದೆ. ಮೂವತ್ತೈದು ವರ್ಷ ಸಬ್‌ಸ್ಟೇಷನ್ನುಗಳಲ್ಲಿ ಕಳೆದವರಿಗೆ ಆ ನದಿಯನ್ನು ಕಣ್ಣಾರೆ ನೋಡುವ ಆಸೆ. ಒಳಗೆ ಬಿಡದಿದ್ದರೂ ಪರವಾಗಿಲ್ಲ, ರಸ್ತೆಯಿಂದ ಕಂಡಷ್ಟೇ ಸಾಕು ಎಂದರು.

ಮಗ ಶ್ರೀಲಂಕಾವನ್ನೂ ಸೇರಿಸಿ ಒಂದೇ ಸಲ ಮುಗಿಸಿಬಿಡಿ ಎಂದದ್ದುಂಟು. ಮುಗಿಸಿಬಿಡುವುದಕ್ಕೆ ಇದೇನು ಲೆಕ್ಕಪತ್ರವೇ? ಆ ದ್ವೀಪಕ್ಕೆ ಎರಡು ಮಳೆಗಾಲಗಳು. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಭಾಗಕ್ಕೆ, ವರ್ಷದ ಕೊನೆಗೆ ಪೂರ್ವ, ಉತ್ತರಗಳಿಗೆ. 2025ರ ನವೆಂಬರಿನ ದಿತ್ವಾ ಚಂಡಮಾರುತ ಬೆಟ್ಟದ ಸೀಮೆಯಲ್ಲಿ ಭಾರೀ ಹಾನಿ ಮಾಡಿದ್ದೂ ಇಂಥ ಕಾಲದಲ್ಲೇ. ಅಲ್ಲಿಗೆ ಫೆಬ್ರವರಿ, ಮಾರ್ಚ್ ಸರಿ. ಅದು ಬೇರೆಯೇ ಪ್ರವಾಸ, ಮುಂದಿನ ವರ್ಷಕ್ಕೆ.

ವಿಂಧ್ಯಗಿರಿಯ ಮೇಲೆ ಭಾನುವಾರ

ಭೂತಾನದಲ್ಲಿ ಎಲ್ಲರೂ ಹೋಗುವ ಜಾಗ ತಕ್ತ್‌ಸಾಂಗ್, ಬಂಡೆಗೆ ಅಂಟಿಕೊಂಡಂತಿರುವ ಮಠ. 3,120 ಮೀಟರ್ ಎತ್ತರ. ಕೆಳಗಿನಿಂದ ಐನೂರು ಮೀಟರಿನಷ್ಟು ಏರಬೇಕು. ಐನೂರು ಮೀಟರ್ ಎಂದರೆ ಎಷ್ಟು? ಅಳೆಯಲು ಹಾಸನದವರಿಗೆ ಒಂದು ಅಳತೆಗೋಲಿದೆ. ಶ್ರವಣಬೆಳಗೊಳದ ವಿಂಧ್ಯಗಿರಿ ನೆಲದಿಂದ ಸುಮಾರು 140 ಮೀಟರ್, ಆರುನೂರಕ್ಕೂ ಹೆಚ್ಚು ಮೆಟ್ಟಿಲು. ತಕ್ತ್‌ಸಾಂಗ್ ಅಂಥ ಮೂರೂವರೆ ಬೆಟ್ಟ. ಹೀಗೆ ಭಾನುವಾರಗಳ ಬೆಟ್ಟ ಹತ್ತುವಿಕೆ ಶುರುವಾಯಿತು. ಮೊದಲ ವಾರ ಅಜ್ಜಿ ಅರ್ಧಕ್ಕೇ ಕುಳಿತರು. ನಾಲ್ಕನೆಯ ವಾರ ಗೊಮ್ಮಟನ ಪಾದ ಮುಟ್ಟಿದರು, ಮಂಡಿ ಮಾತ್ರ ಇಳಿಯುವಾಗ ಪ್ರತಿಭಟಿಸಿತು. ಮೊಮ್ಮಗ ಇಬ್ಬರ ನಾಡಿಬಡಿತ ಎಣಿಸಿ ನೋಟ್‌ಬುಕ್ಕಿಗೆ ಹಾಕಿದ. ವಾರದಿಂದ ವಾರಕ್ಕೆ ಮೇಲಿನ ಸಂಖ್ಯೆ ಇಳಿಯುತ್ತಿತ್ತು.

ಎಂಟನೆಯ ವಾರ ಮೇಲೆ ಕುಳಿತು ಸಕ್ಕರೆ ನೋಡಿಕೊಂಡ ಮೇಲೆ ಅಜ್ಜಿ ಹೇಳಿದರು: "ತಕ್ತ್‌ಸಾಂಗ್ ಬೇಡ. ಅರ್ಧದಾರಿಯ ಹೋಟೆಲ್ಲಿಂದ ಎದುರಿಗೇ ಕಾಣುತ್ತಂತೆ, ಅಲ್ಲಿ ಟೀ ಕುಡಿದು ಬರೋಣ. ನನ್ನ ಮಂಡಿ ಮುಕ್ತಿನಾಥಕ್ಕೆ ಇರಲಿ. ಮತ್ತೆ ನೀವು ಒಂದು ಮಾತು ಕೊಡಬೇಕು. ಅಲ್ಲಿ ನಿಮಗೆ ತಲೆನೋವು ಬಂದರೆ ಮುಚ್ಚಿಡಬಾರದು. ನನಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದುಬಿಡೋರು ನೀವು."

ಯಜಮಾನರು ಗೊಮ್ಮಟನ ಕಡೆ ನೋಡಿದರು, ಉತ್ತರ ಕೊಡಲಿಲ್ಲ.

"ಬರೆದುಕೊಡಿ," ಎಂದರು ಅಜ್ಜಿ.

ಮೊಮ್ಮಗನ ನೋಟ್‌ಬುಕ್ಕಿನಲ್ಲೇ ಬರೆದರು. ಇಬ್ಬರಲ್ಲಿ ಯಾರಿಗೆ ತಲೆನೋವು ಬಂದರೂ ಅದೇ ದಿನ ಹೇಳುವುದು, ಸಂಜೆಯೊಳಗೆ ಕಡಿಮೆಯಾಗದಿದ್ದರೆ ಮುಕ್ತಿನಾಥ ನೂರು ಮೀಟರ್ ದೂರದಲ್ಲಿದ್ದರೂ ಹಿಂದಿರುಗುವುದು. ಕೆಳಗೆ ಇಬ್ಬರ ಸಹಿ. ಆ ಪುಟವನ್ನು ಮನೆಯಲ್ಲಿ ಮಗನಿಗೆ ತೋರಿಸಿದಾಗ ಅವನು ಎರಡು ಸಲ ಓದಿದ. ಮರುದಿನ ಬ್ಯಾಂಕಿನಿಂದ ಬರುವಾಗ ಗೋರಖಪುರದ ಟಿಕೆಟ್ಟು ತಂದುಕೊಟ್ಟ, ಇಬ್ಬರಿಗೂ ಕೆಳಗಿನ ಬರ್ತು.

ಇನ್ನುಳಿದದ್ದು ಒಂದೇ ಪ್ರಶ್ನೆ. ತಿಂಗಳ ಕಾಲ ದೇವರ ಪೆಟ್ಟಿಗೆ ನೋಡಿಕೊಳ್ಳುವವರು ಯಾರು? ಉಪನಯನವಾಗಿದ್ದ ಮೊಮ್ಮಗ ತಾನು ನೋಡಿಕೊಳ್ಳುತ್ತೇನೆಂದ.

"ದಿನಾ ಅಭಿಷೇಕ ಮಾಡ್ತೀಯೇನೋ? ಪರೀಕ್ಷೆ ಗಿರೀಕ್ಷೆ ಅಂತ ಮರೆತುಬಿಡ್ತೀಯ."

"ಮರೆಯಲ್ಲ ಅಜ್ಜಿ," ಎಂದ ಹುಡುಗ. "ಪಾಪ, ಅದು ಸಮುದ್ರದ್ದಲ್ವಾ? ನೀರು ಬೇಕಲ್ಲ."